ಆಟ ಶುರುವಾಗಿ ಹನ್ನೆರಡು ನಿಮಿಷಕ್ಕ ಲ್ಯಾಪ್‌ಟಾಪ್ ಕುಂಟ್ತೈತಿ, ಸಂಜಿ ಆದ್ರ ತಣ್ಣಗಿದ್ರೂ ಕುಂಟ್ತೈತಿ

ಮಗ್ಗದಮನಿ
ಎಲ್ಲರಿಗೂ ನಮಸ್ಕಾರ್ರಿ. ನಮ್ದು ರಬಕವಿ-ಬನಹಟ್ಟಿ. 2021ರಾಗ ತಮ್ಮನ ಇಂಜಿನಿಯರಿಂಗ್ ಸಲುವಾಗಿ ಒಂದು ಗೇಮಿಂಗ್ ಲ್ಯಾಪ್‌ಟಾಪ್ ತಗೊಂಡಿದ್ವಿ. ಕೋರ್ ಐ5-11400ಎಚ್ ಪ್ರೊಸೆಸರ್, ಆರ್‌ಟಿಎಕ್ಸ್ 3050 ಗ್ರಾಫಿಕ್ಸ್ ಚಿಪ್ (4 ಜಿಬಿ), 8 ಜಿಬಿ ರ್‍ಯಾಮ್, 144 ಹರ್ಟ್ಸ್ ಪರದೆ. ತಮ್ಮ ಕೆಲಸಕ್ಕಂತ ಪುಣೆಗೆ ಹೋದ, ಈಗ ಅದು ನನ್ನ ಕೈಯಾಗ ಐತಿ. ಹಗಲೆಲ್ಲಾ ಸೀರಿ ಡಿಸೈನ್ ಕೆಲಸ, ಸಂಜಿ ಮ್ಯಾಲ ಒಂದು ತಾಸು ಜಿಟಿಎ 5 ಆಟ.

ಮೊದಲ ಹತ್ತು-ಹನ್ನೆರಡು ನಿಮಿಷ ಬೆಣ್ಣಿ ಹಂಗ ಓಡ್ತೈತಿ, ಸೆಕೆಂಡಿಗೆ 90-95 ಫ್ರೇಮ್ (ಚಿತ್ರ). ಆಮ್ಯಾಲ ಒಮ್ಮಿಂದೊಮ್ಮೆಲೆ 35ಕ್ಕ ಇಳೀತೈತಿ. ಫ್ಯಾನ್ ಅಂತೂ ಕೂಗ್ತನ ಇರ್ತೈತಿ. ಇಲ್ಲೇ ಒಬ್ಬರ ಕಡೆ ಒಯ್ದಿದ್ದೆ, ವಿಂಡೋಸ್ ಫಾರ್ಮ್ಯಾಟ್ ಮಾಡಿ ಕೊಟ್ರು. ಎರಡು ದಿನ ಚಲೋ ಅನಿಸ್ತು, ಮತ್ತ ಅದ. ಎಸ್‌ಎಸ್‌ಡಿ ಬದಲಿ ಮಾಡ್ರಿ ಅಂದಾರ. ರೊಕ್ಕ ಹಾಕೋಕಿಂತ ಮೊದ್ಲ ನಿಮ್ಮನ್ನ ಕೇಳೋಣಂತ ಬಂದೀನಿ.

ಇನ್ನೊಂದು ಮಾತು. ಚಾರ್ಜಿಂಗ್ ಹಾಕಿದಾಗ ಕೀಬೋರ್ಡ್ ಹತ್ರ ಅಂಗೈ ಇಟ್ರ ಜುಮ್ ಅಂತೈತಿ. ಇದಕ್ಕೂ ಅದಕ್ಕೂ ಸಂಬಂಧ ಐತೋ ಇಲ್ಲೋ ಗೊತ್ತಿಲ್ಲ.

ಬಿಸಿಲನಾಡು
ಕಲಬುರಗಿಯಿಂದ. ಬೇಸಿಗಿಯಾಗ ನಮ್ಮಲ್ಲಿ ಎಲ್ಲರದೂ ಇದೇ ಪಾಡು. ಒಂದು ಕೂಲಿಂಗ್ ಪ್ಯಾಡ್ ತಗೋರಿ. ಇಲ್ಲಂದ್ರ ಥ್ರಾಟಲ್‌ಸ್ಟಾಪ್ ಅಂತ ಪ್ರೊಸೆಸರ್ ವೇಗ ಹಿಡಿತದಾಗ ಇಡೋ ತಂತ್ರಾಂಶ ಇಳಿಸಿಕೊಂಡು ಅದ್ರಾಗ ಬಿಡಿ ಪ್ರೊಕಾಟ್ ಅಂತ ಟಿಕ್ ಇರ್ತೈತಿ, ಅದನ್ನ ತೆಗೀರಿ. ನಾನು ವಿಡಿಯೋ ನೋಡಿ ತೆಗೆದೀನಿ, ಸ್ಪೀಡ್ ಬಂತು.

ಕಡಲತಡಿ
ಮಾರಾಯ್ರೆ, ಒಂದು ನಿಮಿಷ ನಿಲ್ಲಿ. ಆ ಟಿಕ್ ಈಗಲೇ ಮುಟ್ಟಬೇಡಿ. ಮೊದಲು ಅಳತೆ ಆಗಬೇಕು.

ಎಚ್‌ಡಬ್ಲ್ಯುಇನ್ಫೋ ಅಂತ ಉಚಿತ ತಂತ್ರಾಂಶ ಉಂಟು. ತೆರೆಯುವಾಗ "ಸೆನ್ಸರ್ಸ್ ಓನ್ಲಿ" ಆರಿಸಿ. ಕೆಳಗೆ ಲಾಗಿಂಗ್ ಗುಂಡಿ ಒತ್ತಿ ಇಪ್ಪತ್ತು ನಿಮಿಷ ಆಟ ಆಡಿ. ಆಮೇಲೆ ನಾಲ್ಕು ಸಂಗತಿ ಇಲ್ಲಿ ಬರೆಯಿರಿ: ಸಿಪಿಯು (ಪ್ರೊಸೆಸರ್) ಶಾಖ, ಸಿಪಿಯು ಎಷ್ಟು ಗಿಗಾಹರ್ಟ್ಸ್‌ನಲ್ಲಿ ಓಡ್ತಾ ಉಂಟು, ಜಿಪಿಯು (ಗ್ರಾಫಿಕ್ಸ್ ಚಿಪ್) ಶಾಖ, ಮತ್ತೆ "ಪರ್ಫಾರ್ಮೆನ್ಸ್ ಲಿಮಿಟ್ ರೀಸನ್ಸ್" ಅನ್ನುವ ಕಡೆ ಎಲ್ಲೆಲ್ಲಿ "ಯೆಸ್" ಬಂದಿದೆ ಅಂತ. ವೇಗಕ್ಕೆ ಕಡಿವಾಣ ಹಾಕಿದ್ದು ಯಾರು ಅಂತ ಯಂತ್ರವೇ ಅಲ್ಲಿ ಹೇಳ್ತದೆ. ಅದನ್ನು ಓದದೆ ಫಾರ್ಮ್ಯಾಟ್ ಮಾಡುವುದು, ಬಿಡಿಭಾಗ ಬದಲಿಸುವುದು ಎಲ್ಲ ಕತ್ತಲೆಯಲ್ಲಿ ಕಲ್ಲು ಎಸೆದ ಹಾಗೆ.

ಜುಮ್ ಅನ್ನುವ ವಿಷಯ ಹೇಳಿದ್ದು ಒಳ್ಳೆಯದಾಯ್ತು. ಅದನ್ನು ಬಿಡಬೇಡಿ.

ಮಗ್ಗದಮನಿ
ಎರಡು ದಿನ ಲಾಗ್ ತಗೊಂಡೀನಿ.

ಮಧ್ಯಾಹ್ನ: ಆಟ ಶುರು ಆದಾಗ ಸಿಪಿಯು 71 ಡಿಗ್ರಿ, 4.0 ಗಿಗಾಹರ್ಟ್ಸ್. ಐದನೇ ನಿಮಿಷಕ್ಕ 94. ಹನ್ನೆರಡನೇ ನಿಮಿಷಕ್ಕ 100 ಡಿಗ್ರಿ, ವೇಗ 2.1ಕ್ಕ ಬಿತ್ತು. ಜಿಪಿಯು 86. "ಥರ್ಮಲ್" ಅನ್ನೋ ಕಡೆ ಯೆಸ್.

ಸಂಜಿ ಆರೂವರಿ ಸುಮಾರು: ಸಿಪಿಯು ಬರೇ 61 ಡಿಗ್ರಿ. ಆದ್ರ ವೇಗ 0.79 ಗಿಗಾಹರ್ಟ್ಸ್! ಫ್ರೇಮ್ 14. "ಪ್ರೊಕಾಟ್" ಅನ್ನೋ ಕಡೆ ಯೆಸ್ ಬಂದಿತ್ತು. ಆಟ ಬಂದ್ ಮಾಡಿದ್ರೂ ಸರಿ ಆಗ್ಲಿಲ್ಲ. ಚಾರ್ಜರ್ ಕಿತ್ತು ಮತ್ತ ಹಾಕಿದ ಕೂಡ್ಲೆ ವೇಗ ವಾಪಸ್ ಬಂತು.

ಬಿಸಿ ಆದಾಗ ನಿಧಾನ ಆಗೋದು ತಿಳೀತೈತಿ. ತಣ್ಣಗ ಇದ್ದಾಗ ಯಾಕ?

ರಿಪೇರಿಮೇಜು
ಲಾಗ್ ಚೆನ್ನಾಗಿ ತೆಗೆದಿದ್ದೀರಿ. ನಾನು ಬೆಂಗಳೂರಿನ ಎಸ್.ಪಿ. ರಸ್ತೆ ಹತ್ತಿರ ಹದಿನಾಲ್ಕು ವರ್ಷದಿಂದ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತಿದ್ದೇನೆ. ನಿಮ್ಮ ಯಂತ್ರಕ್ಕೆ ಒಂದಲ್ಲ, ಎರಡು ಕಾಯಿಲೆ ಇವೆ. ಒಂದರ ಲಕ್ಷಣ ಇನ್ನೊಂದನ್ನು ಮುಚ್ಚಿಟ್ಟಿದೆ.

ಮಧ್ಯಾಹ್ನದ್ದು ನೇರ. ಈ ಪ್ರೊಸೆಸರ್ ತಾಳಿಕೊಳ್ಳುವ ಗರಿಷ್ಠ ಶಾಖ 100 ಡಿಗ್ರಿ. ಅಲ್ಲಿಗೆ ಮುಟ್ಟಿದ ಕೂಡಲೇ ಅದು ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಇದರಲ್ಲಿ ವಿಂಡೋಸ್ ತಪ್ಪೂ ಇಲ್ಲ, ಎಸ್‌ಎಸ್‌ಡಿ ತಪ್ಪೂ ಇಲ್ಲ. ಫಾರ್ಮ್ಯಾಟ್ ಆದ ಮೇಲೆ ಎರಡು ದಿನ ಚೆನ್ನಾಗಿತ್ತು ಅಂದರೆ ಆ ಎರಡು ದಿನ ನೀವು ಉದ್ದಕ್ಕೆ ಆಡಿರಲಿಕ್ಕಿಲ್ಲ.

ಸಂಜೆಯದು ಬೇರೆ. ಪ್ರೊಕಾಟ್ ಅನ್ನುವುದು "ಪ್ರೊಸೆಸರ್ ಬಿಸಿಯಾಗಿದೆ" ಅಂತ ಕೂಗುವ ಒಂದು ತಂತಿ. ಆದರೆ ಆ ತಂತಿ ಎರಡೂ ಕಡೆಗೆ ಕೆಲಸ ಮಾಡುತ್ತದೆ. ಪ್ರೊಸೆಸರ್ ತಾನೇ ಕೂಗಬಹುದು, ಮದರ್‌ಬೋರ್ಡ್ ಕೂಡ ಅದೇ ತಂತಿ ಎಳೆದು "ನಿಧಾನಿಸು" ಅನ್ನಬಹುದು. ಚಾರ್ಜರ್ ಗುರುತು ಸಿಗದಿದ್ದಾಗ ಅಥವಾ ಚಾರ್ಜರ್ ಕೊಡುವ ಕರೆಂಟ್ ಮೇಲೆ ನಂಬಿಕೆ ಹೋದಾಗ ಬೋರ್ಡ್ ಹಾಗೆ ಎಳೆಯುತ್ತದೆ. 61 ಡಿಗ್ರಿಯಲ್ಲಿ 800 ಮೆಗಾಹರ್ಟ್ಸ್, ಚಾರ್ಜರ್ ಕಿತ್ತು ಹಾಕಿದರೆ ಸರಿ: ನನ್ನ ಮೇಜಿಗೆ ಬರುವ ಇಂಥ ಹತ್ತರಲ್ಲಿ ಎಂಟಕ್ಕೆ ಕಾರಣ ಚಾರ್ಜರ್, ಅದರ ಪಿನ್ ಅಥವಾ ಗೋಡೆಯ ಸಾಕೆಟ್.

@ಬಿಸಿಲನಾಡು, ದಯವಿಟ್ಟು ಆ ಟಿಕ್ ವಾಪಸ್ ಹಾಕಿ. ಅದನ್ನು ತೆಗೆದರೆ ಬೋರ್ಡಿನ ಕೂಗು ಪ್ರೊಸೆಸರ್‌ಗೆ ಕೇಳಿಸುವುದಿಲ್ಲ, ಅಷ್ಟೇ. ಕೂಗಿಗೆ ಕಾರಣವಾದದ್ದು ಅಲ್ಲೇ ಇರುತ್ತದೆ. ಪವರ್ ಸರ್ಕ್ಯೂಟ್ ಬಿಸಿಯಾಗುತ್ತಾ ಇದ್ದರೂ ಪ್ರೊಸೆಸರ್ ಕರೆಂಟ್ ಎಳೆಯುತ್ತಲೇ ಹೋಗುತ್ತದೆ. ಹಾಗೆ ಸುಟ್ಟ ಬೋರ್ಡುಗಳನ್ನು ಕೈಯಲ್ಲಿ ಹಿಡಿದು ನೋಡಿದವನಾಗಿ ಹೇಳುತ್ತಿದ್ದೇನೆ.

@ಮಗ್ಗದಮನಿ, ಮೂರು ಪ್ರಶ್ನೆ. ಲ್ಯಾಪ್‌ಟಾಪ್ ಎಲ್ಲಿಟ್ಟು ಬಳಸುತ್ತೀರಿ? ಒಮ್ಮೆಯಾದರೂ ಬಿಚ್ಚಿ ಧೂಳು ತೆಗೆದದ್ದು ಉಂಟೇ? ಚಾರ್ಜರ್ ಗೋಡೆಗೆ ಹೇಗೆ ಹಾಕಿದ್ದೀರಿ?

ಮಗ್ಗದಮನಿ
ಅಣ್ಣಾರ, ಮಗ್ಗದ ಖೋಲ್ಯಾಗ, ಮೂಲಿಗೆ ಒಂದು ಮೇಜು ಐತಿ, ಅಲ್ಲೇ. ನಾಲ್ಕು ಪವರ್‌ಲೂಮ್ ಅದಾವ ಮನ್ಯಾಗ. ಬಿಚ್ಚಿಲ್ಲ, ಒಮ್ಮೆನೂ ಇಲ್ಲ. ಚಾರ್ಜರ್‌ದು ಮೂರು ಪಿನ್ ಐತಿ, ನಮ್ಮ ಎಕ್ಸ್‌ಟೆನ್ಶನ್ ಬೋರ್ಡಿಗೆ ಎರಡ ತೂತು. ಅದಕ್ಕ ಕನ್ವರ್ಟರ್ ಪಿನ್ ಹಾಕೀನಿ. ಸ್ವಲ್ಪ ಅಲ್ಲಾಡ್ತೈತಿ.

ರಿಪೇರಿಮೇಜು
ಹಾಗಾದರೆ ಎರಡೂ ಉತ್ತರ ಸಿಕ್ಕ ಹಾಗೆಯೇ. ಮೊದಲು ಬಿಚ್ಚೋಣ.

ಬಿಚ್ಚುವಾಗ ಇಷ್ಟು ನೆನಪಿಡಿ. ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆದು, ತಳದ ಸ್ಕ್ರೂಗಳನ್ನು ತೆಗೆದ ಜಾಗದಂತೆಯೇ ಒಂದು ಹಾಳೆ ಮೇಲೆ ಅಂಟಿಸಿಕೊಳ್ಳಿ. ಉದ್ದ ಸ್ಕ್ರೂ ಗಿಡ್ಡ ಜಾಗಕ್ಕೆ ಹಾಕಿದರೆ ಬೋರ್ಡ್ ತೂತಾಗುತ್ತದೆ. ಮುಚ್ಚಳ ತೆಗೆದ ಮೇಲೆ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಬಿಡಿಸುವುದು, ಆಮೇಲೆ ಮಿಕ್ಕಿದ್ದು. ಧೂಳು ತೆಗೆಯುವಾಗ ಫ್ಯಾನ್ ರೆಕ್ಕೆಗಳನ್ನು ಒಂದು ಟೂತ್‌ಪಿಕ್‌ನಿಂದ ತಡೆಹಿಡಿಯಿರಿ. ಗಾಳಿಯ ಹೊಡೆತಕ್ಕೆ ಅದು ಅಳತೆ ಮೀರಿ ತಿರುಗಿದರೆ ಬೇರಿಂಗ್ ಹೋಗುತ್ತದೆ. ಮಗ್ಗಕ್ಕೆ ಬಳಸುವ ಕಂಪ್ರೆಸರ್ ಮನೆಯಲ್ಲಿ ಇರಬಹುದು, ಅದು ಬೇಡ. ಒತ್ತಡವೂ ಜಾಸ್ತಿ, ಒಳಗೆ ನೀರಿನ ಹನಿಯೂ ಇರುತ್ತದೆ. ಮೆತ್ತನೆ ಬ್ರಷ್ ಸಾಕು.

ಮಗ್ಗದಮನಿ
ಇವತ್ತು ಅಮಾಸಿ, ಮಗ್ಗ ಬಂದ್. ಬಿಚ್ಚಿದೆ.

ಧೂಳು ಇರ್ತೈತಿ ಅಂತ ಗೊತ್ತಿತ್ತು. ಇಷ್ಟು ಅಂತ ಗೊತ್ತಿರ್ಲಿಲ್ಲ. ಫ್ಯಾನ್‌ನಾಗ ಹೆಚ್ಚಿಗಿ ಏನೂ ಇಲ್ಲ. ಆದ್ರ ಫ್ಯಾನಿಗೂ ತಾಮ್ರದ ಸಣ್ಣ ಸಣ್ಣ ಹಲ್ಲಿಗೂ ನಡುವ ಒಂದು ಪದರ ಕುಂತಿತ್ತು. ಚಿಮಟಿಗಿಲೆ ಎಳದ್ರ ಕಂಬಳಿ ತುಂಡಿನಂಗ ಇಡಿಯಾಗಿ ಹೊರಗ ಬಂತು. ನನ್ನ ಕಿರುಬೆರಳಿನಷ್ಟು ಅಗಲ, ಮೂರು ಬೆರಳು ಉದ್ದ. ಗಾಳಿ ಹೆಂಗ ದಾಟ್ಬೇಕು ಅದ್ರಾಗಿಂದ?

ಬೆಳಕಿಗೆ ಹಿಡದು ನೋಡಿದ್ರ ಅದು ಬರೇ ಬೂದಿ ಬಣ್ಣ ಅಲ್ಲ. ಪದರ ಪದರ ಐತಿ. ಮ್ಯಾಲ ಹಸರು, ಅದರ ಕೆಳಗ ದಪ್ಪಕ್ಕ ಕೆಂಪು, ಅದರ ಕೆಳಗ ಹಳದಿ ಎಳಿ. ಅವ್ವ ಬಂದು ನೋಡಿ, "ಈ ಕೆಂಪು ದೀಪಾವಳಿ ಮಾಲಿಂದು, ಹಳದಿ ಅದಕ್ಕೂ ಮೊದಲಿಂದು" ಅಂದ್ಲು. ನಾವು ನೇಯ್ದ ಸೀರಿ ನೂಲು ಎಲ್ಲಾ ಒಳಗ ಹೋಗಿ ಕುಂತಿತ್ರಿ. ಎರಡೂ ಕಡಿದು ತಗದು ಒಂದು ಡಬ್ಬ್ಯಾಗ ಇಟ್ಟೀನಿ.

ಹೀಟ್‌ಸಿಂಕ್ (ಚಿಪ್ ಶಾಖ ಹೀರೋ ಲೋಹದ ಭಾಗ) ತೆಗೆದು, ಅದಕ್ಕೂ ಚಿಪ್ಪಿಗೂ ನಡುವ ಇರೋ ಶಾಖ ಸಾಗಿಸೋ ಪೇಸ್ಟ್ ಬದಲಿ ಮಾಡ್ಲ್ಯಾ? ಧೈರ್ಯ ಐತಿ, ಅನುಭವ ಇಲ್ಲ.

ಫ್ರೇಮ್‌ಲೆಕ್ಕ
ಓದಿ ಮೈ ಜುಮ್ಮೆಂದಿತು. ಶಿವಮೊಗ್ಗದಲ್ಲಿ ನಮ್ಮದು ಹೆಂಚಿನ ಮನೆ, ನಮ್ಮ ಲ್ಯಾಪ್‌ಟಾಪ್‌ಗಳ ಹೊಟ್ಟೆಯಲ್ಲಿ ಬೂಷ್ಟು ನೋಡಿದ್ದೇನೆ, ಬಣ್ಣದ ನೂಲು ಇದೇ ಮೊದಲು.

ಪೇಸ್ಟ್ ಬಗ್ಗೆ: ಮೂರು ವರ್ಷ ದಾಟಿದ್ದರೆ ಬದಲಿಸಿ. ಲ್ಯಾಪ್‌ಟಾಪ್‌ಗಳಲ್ಲಿ ಚಿಪ್ ಮೇಲೆ ಲೋಹದ ಮುಚ್ಚಳ ಇರುವುದಿಲ್ಲ, ಹೀಟ್‌ಸಿಂಕ್ ನೇರ ಸಿಲಿಕಾನ್ ಮೇಲೆ ಕೂರುತ್ತದೆ. ಕಾದು-ತಣಿದು ಕಾದು-ತಣಿದು ತೆಳ್ಳನೆಯ ಪೇಸ್ಟ್ ಅಂಚಿಗೆ ತಳ್ಳಿಕೊಂಡು ಹೋಗುತ್ತದೆ, ನಡುವೆ ಒಣ ಜಾಗ ಉಳಿಯುತ್ತದೆ. ಅದಕ್ಕೇ ನಾನು ಹನಿವೆಲ್‌ನ ಪಿಟಿಎಂ7950 ಹಾಳೆಯನ್ನು ಪೇಸ್ಟ್ ಬದಲಿಗೆ ಬಳಸುತ್ತೇನೆ. ಸುಮಾರು 45 ಡಿಗ್ರಿಗೆ ಮೆತ್ತಗಾಗಿ ಹರಡಿಕೊಳ್ಳುತ್ತದೆ, ಪೇಸ್ಟ್ ಹಾಗೆ ಅಂಚಿಗೆ ಓಡುವುದಿಲ್ಲ. ಅಂಟಿಸುವ ಮುಂಚೆ ಹತ್ತು ನಿಮಿಷ ಫ್ರಿಜ್‌ನಲ್ಲಿಟ್ಟರೆ ಪ್ಲಾಸ್ಟಿಕ್ ಪದರ ಸಲೀಸಾಗಿ ಬಿಡುತ್ತದೆ. ನಕಲಿ ಬಹಳ ಇದೆ, ನೋಡಿ ತಗೊಳ್ಳಿ.

ಬಿಸಿಲನಾಡು
ಲಿಕ್ವಿಡ್ ಮೆಟಲ್ ಇನ್ನೂ ಚಲೋ ಅಂತಾರಲ್ರಿ?

ಕಡಲತಡಿ
ಶಾಖ ಸಾಗಿಸುವುದರಲ್ಲಿ ಹೌದು. ಆದರೆ ಅದರಲ್ಲಿ ಗ್ಯಾಲಿಯಂ ಉಂಟು, ಅಲ್ಯೂಮಿನಿಯಂ ತಾಗಿದರೆ ತಿಂದು ಹಾಕ್ತದೆ. ವಿದ್ಯುತ್ತನ್ನೂ ಹರಿಸ್ತದೆ, ಒಂದು ಹನಿ ಪಕ್ಕಕ್ಕೆ ಜಾರಿದರೆ ಬೋರ್ಡೇ ಶಾರ್ಟ್. ಮೊದಲ ಸಲ ಬಿಚ್ಚುವವರಿಗೆ ಖಂಡಿತ ಬೇಡ. ನಮ್ಮ ಮಂಗಳೂರಿನ ಉಪ್ಪು ಗಾಳಿಗೆ ಸ್ಕ್ರೂಗಳೇ ತುಕ್ಕು ಹಿಡಿದು ಕೂರ್ತವೆ, ಅದರ ಮೇಲೆ ಇನ್ನೊಂದು ತಲೆಬಿಸಿ ಯಾಕೆ ಅಂತ ನಾನು ಮಾಮೂಲಿ ಪೇಸ್ಟಿನಲ್ಲೇ ಇದ್ದೇನೆ.

ರಿಪೇರಿಮೇಜು
ಮಾಡಿ, ಕಷ್ಟವಿಲ್ಲ. ಹೀಟ್‌ಸಿಂಕ್ ಸ್ಕ್ರೂಗಳ ಪಕ್ಕ 1, 2, 3 ಅಂತ ಅಂಕಿ ಕೊರೆದಿರುತ್ತಾರೆ. ಬಿಚ್ಚುವಾಗ ದೊಡ್ಡ ಅಂಕಿಯಿಂದ ಹಿಂದಕ್ಕೆ, ಕೂರಿಸುವಾಗ ಒಂದರಿಂದ ಮುಂದಕ್ಕೆ, ಒಂದೊಂದನ್ನೂ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ. ಅಡ್ಡಾದಿಡ್ಡಿ ಬಿಗಿದರೆ ಸಿಲಿಕಾನ್ ಮೂಲೆ ಒಡೆಯುತ್ತದೆ. ಹಳೆ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಬಟ್ಟೆಯಿಂದ ಒರೆಸಿ, ಬ್ಲೇಡಿನಿಂದ ಕೆರೆಯಬೇಡಿ. ಸುತ್ತಲಿನ ಮೆತ್ತನೆ ಪ್ಯಾಡ್‌ಗಳು ಹರಿದಿಲ್ಲ ಅಂದರೆ ಹಾಗೇ ಇರಲಿ. ಬೇರೆ ದಪ್ಪದ್ದು ಹಾಕಿದರೆ ಹೀಟ್‌ಸಿಂಕ್ ಚಿಪ್‌ಗೆ ಸರಿಯಾಗಿ ಕೂರುವುದಿಲ್ಲ.

ಇನ್ನು ನನಗೆ ನಿಜವಾಗಿ ಚಿಂತೆ ಹತ್ತಿರುವುದು ಬೇರೆ ವಿಷಯಕ್ಕೆ. ಎರಡು ಪಿನ್ ಕನ್ವರ್ಟರ್ ಹಾಕಿದಾಗ ಚಾರ್ಜರ್‌ಗೆ ಅರ್ಥ್ ಸಿಗುವುದಿಲ್ಲ. ಚಾರ್ಜರ್ ಒಳಗೆ ವಿದ್ಯುತ್ತಿನ ಗದ್ದಲ ತಡೆಯಲು ವೈ ಕೆಪಾಸಿಟರ್ ಅಂತ ಒಂದು ಇರುತ್ತದೆ, ಅದರ ಮೂಲಕ ತುಸು ಕರೆಂಟ್ ಸೋರಿ ಲ್ಯಾಪ್‌ಟಾಪ್‌ನ ಲೋಹಕ್ಕೆ ಬರುತ್ತದೆ. ಅರ್ಥ್ ಇದ್ದರೆ ನೆಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ನಿಮ್ಮ ಅಂಗೈಗೆ. ಇಷ್ಟಕ್ಕೇ ಪ್ರಾಣಾಪಾಯ ಇಲ್ಲ. ಒಂದು ಕೆಲಸ ಮಾಡಿ, ಲೂಮ್‌ಗಳಿಗೆ ಕೊಟ್ಟಿರುವ ಮೂರು ಪಿನ್ ಸಾಕೆಟ್‌ಗೇ ಚಾರ್ಜರ್ ಹಾಕಿ, ಜುಮ್ ಅನ್ನುವುದು ನಿಂತಿತೋ ನೋಡಿ ಹೇಳಿ.

ಮಗ್ಗದಮನಿ
ಪೇಸ್ಟ್ ಹಾಕಿ ಮುಚ್ಚಿದೆ. ಒಂದ ಸಲಕ್ಕ ಚಾಲು ಆತು. ಹಿಂದಿನ ಕಡೆ ಎರಡು ಬಾಟ್ಲಿ ಮುಚ್ಚಳ ಇಟ್ಟು ಎತ್ತರ ಮಾಡೀನಿ. ಅರ್ಧ ತಾಸು ಜಿಟಿಎ: ಸಿಪಿಯು 87, ಜಿಪಿಯು 75, ವೇಗ 3.7. ಫ್ರೇಮ್ 90ರ ಕೆಳಗ ಬರ್ಲಿಲ್ಲ. ಫ್ಯಾನ್ ಸಪ್ಪಳನೂ ಬ್ಯಾರೆ, ಮೊದಲಿನಂಗ ಕಿರಚೋದಿಲ್ಲ.

ಆದ್ರ ಸಂಜಿ ಮತ್ತ 0.79 ಬಂತು. ಕರೆಂಟ್ ಹೋಗಿ ಬಂದ ಮ್ಯಾಲ ನಾಲ್ಕೂ ಮಗ್ಗ ಒಮ್ಮೆಲೆ ಚಾಲು ಆದ್ವು, ಲೈಟ್ ಒಂದು ಕ್ಷಣ ಮಂಕಾತು, ಅದ ಹೊತ್ತಿಗೆ.

ಮತ್ತ ಅಣ್ಣಾರ, ಲೂಮ್ ಸಾಕೆಟ್‌ಗೆ ಹಾಕಿದ್ರೂ ಜುಮ್ ಅಂತೈತಿ.

ರಿಪೇರಿಮೇಜು
ಈ ಕೊನೆಯ ಸಾಲಿಗಾಗಿ ಕೆಲಸ ಬಿಟ್ಟು ಈಗಲೇ ಬರೆಯುತ್ತಿದ್ದೇನೆ. ಲ್ಯಾಪ್‌ಟಾಪ್ ಬದಿಗಿಡಿ.

ಮೂರು ಪಿನ್ ಸಾಕೆಟ್‌ನಲ್ಲೂ ಜುಮ್ ಅಂದರೆ ಆ ಸಾಕೆಟ್‌ನ ಅರ್ಥ್ ಹೆಸರಿಗೆ ಮಾತ್ರ ಇದೆ. ಅದೇ ತಂತಿ ನಿಮ್ಮ ಮಗ್ಗಗಳ ಚೌಕಟ್ಟಿಗೂ ಹೋಗಿರುತ್ತದೆ. ನೆಲ ಮುಟ್ಟದ ಅರ್ಥ್ ತಂತಿ ನಾಲ್ಕೂ ಮಗ್ಗಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ, ಅಷ್ಟೇ. ನಾಳೆ ಒಂದು ಮೋಟರ್‌ನ ಒಳಗೆ ವೈಂಡಿಂಗ್ ಸುಲಿದರೆ ನಾಲ್ಕೂ ಮಗ್ಗಗಳ ಕಬ್ಬಿಣಕ್ಕೆ 230 ವೋಲ್ಟ್ ಬರುತ್ತದೆ, ಫ್ಯೂಸ್ ಹಾರುವುದಿಲ್ಲ. ನಿಮ್ಮ ತಾಯಿ ದಿನವಿಡೀ ಆ ಕಬ್ಬಿಣ ಮುಟ್ಟಿಕೊಂಡೇ ಕೆಲಸ ಮಾಡುವವರು. ದಯವಿಟ್ಟು ನಾಳೆಯೇ ಲೈಸೆನ್ಸ್ ಇರುವ ವೈರ್‌ಮನ್ ಕರೆಸಿ. ನೀವು ಕೈ ಹಾಕಬೇಡಿ. ಅದಾಗುವ ತನಕ ಮಗ್ಗದ ಹತ್ತಿರ ಯಾರೂ ಬರಿಗಾಲಲ್ಲಿ ನಿಲ್ಲದಂತೆ ನೋಡಿಕೊಳ್ಳಿ.

ಕಡಲತಡಿ
ಇವರು ಹೇಳಿದ್ದು ನೂರಕ್ಕೆ ನೂರು. ವೈರ್‌ಮನ್ ಬಂದಾಗ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಹಾಕಿಸುವ ಮಾತೂ ಕೇಳಿ.

ಮಗ್ಗದಮನಿ
ಮೂರು ದಿನ ಆತು, ಬರಿಯೋದು ತಡ ಆತು.

ನಮ್ಮ ಕಾಕಾನ ಪರಿಚಯದ ವೈರ್‌ಮನ್ ಬಂದಿದ್ರು. ನೂರು ವ್ಯಾಟ್‌ದು ಬಲ್ಬ್, ಹೋಲ್ಡರ್, ಎರಡು ವಾಯರ್, ಅಷ್ಟ ಅವರ ಕಡೆ. ಫೇಸ್ ಮತ್ತ ನ್ಯೂಟ್ರಲ್‌ಗೆ ಹಿಡಿದ್ರು, ಬಲ್ಬ್ ಬೆಳಗಿತು. ಫೇಸ್ ಮತ್ತ ಅರ್ಥ್‌ಗೆ ಹಿಡಿದ್ರು, ಕರ್ರಗ. ಒಂದೀಟೂ ಮಿಣಕ್ಕನ್ಲಿಲ್ಲ. ಅಪ್ಪ ಅಲ್ಲೇ ನಿಂತಿದ್ರು, ಏನೂ ಮಾತಾಡ್ಲಿಲ್ಲ, ಹೋಗಿ ಮೇನ್ ಸ್ವಿಚ್ ಕೆಳಗ ಇಳಿಸಿ ಬಂದ್ರು.

ಹಿತ್ತಲದಾಗ ಅರ್ಥ್ ಗುಂಡಿ ಅಗದು ನೋಡಿದ್ರ, ಪೈಪಿಗೆ ತಂತಿ ಕಟ್ಟಿದ ಜಾಗದಾಗ ಕ್ಲ್ಯಾಂಪ್ ತಿಂದು ಹೋಗಿ ತಂತಿ ತುಂಡಾಗಿತ್ತು. ಮಣ್ಣಿನೊಳಗ ಇದ್ದದ್ದಕ್ಕ ಮ್ಯಾಲಿಂದ ಯಾರಿಗೂ ಕಾಣಂಗಿಲ್ಲ. ಎಷ್ಟು ವರ್ಷದಿಂದ ಹಂಗ ಇತ್ತೋ. ಹೊಸ ಪೈಪ್, ಇದ್ದಲಿ, ಉಪ್ಪು ಹಾಕಿ ಗುಂಡಿ ತುಂಬಿದ್ರು, ಬ್ಯಾಸಿಗಿಯಾಗ ವಾರಕ್ಕೊಮ್ಮೆ ನೀರು ಹಾಕ್ರಿ ಅಂದ್ರು. ಮತ್ತ ಬಲ್ಬ್ ಹಿಡಿದಾಗ ಝಗ್ ಅಂತ ಹತ್ತಿತು. ಆರ್‌ಸಿಸಿಬಿ ಹಾಕಿಸೀವಿ. ಒಂದು ಹಳೆ ಮೋಟರ್ ಚಾಲು ಮಾಡಿದ ಕೂಡ್ಲೆ ಅದು ಬಿತ್ತು. ಆ ಮೋಟರ್ ವೈಂಡಿಂಗ್‌ಗೆ ಕಳಿಸೀವಿ. ಅವ್ವ ಕೂಡೋ ಮಗ್ಗದ್ದ ಅದು.

ನಿಮಗ ಹೆಂಗ ಹೇಳ್ಬೇಕೋ ತಿಳೀವಲ್ದು ಅಣ್ಣಾರ.

ರಿಪೇರಿಮೇಜು
ಏನೂ ಹೇಳುವುದು ಬೇಡ. ಆ ಮೋಟರ್ ಹೊರಗೆ ಹೋಯಿತಲ್ಲ, ನನಗೆ ಇವತ್ತು ನಿದ್ದೆ ಬರುತ್ತದೆ. ಅಮ್ಮನಿಗೆ ನಮಸ್ಕಾರ ತಿಳಿಸಿ.

ಚಾರ್ಜರ್‌ಗೆ ಈಗ ಬೇರೆ ಸಾಕೆಟ್ ಮಾಡಿಸಿದಿರಾ?

ಮಗ್ಗದಮನಿ
ಹೌದ್ರಿ, ಮೇಜಿನ ಹಿಂದ ಮೂರು ಪಿನ್‌ದು ಹೊಸದು, ಲೈನ್ ಬ್ಯಾರೆ. ಕನ್ವರ್ಟರ್ ತಗದು ಒಗದೆ, ಅದರ ಪಿನ್ ಕರ್ರಗ ಸುಟ್ಟಿತ್ತು. ಐದು ಸಂಜಿ ಆತು, 0.79 ಬಂದಿಲ್ಲ. ಜುಮ್ ಅನ್ನೋದೂ ನಿಂತಿತು.

ರಿಪೇರಿಮೇಜು
ಸುಟ್ಟ ಪಿನ್ ಅಂದರೆ ಒಳಗೆ ಕಿಡಿ ಹಾರುತ್ತಿತ್ತು. ಚಾರ್ಜರ್ ಮೇಲೆ 100-240 ವೋಲ್ಟ್ ಅಂತ ಬರೆದಿರುತ್ತದೆ, ವೋಲ್ಟೇಜ್ ಕಡಿಮೆಯಾದ ಮಾತ್ರಕ್ಕೆ ಅದು ಕೈಬಿಡುವುದಿಲ್ಲ. ಮೋಟರ್‌ಗಳು ಚಾಲೂ ಆಗುವಾಗ ಓಡುವುದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತವೆ. ಆ ಕುಸಿತ, ಜೊತೆಗೆ ಸಡಿಲ ಪಿನ್, ಎರಡೂ ಸೇರಿದಾಗ ಚಾರ್ಜರ್ ಕ್ಷಣಕಾಲ ಸತ್ತು ಹುಟ್ಟುತ್ತಿತ್ತು. ಬೋರ್ಡ್ ಹೆದರಿ ಲಗಾಮು ಎಳೆದು ಹಾಗೇ ಹಿಡಿದುಕೊಳ್ಳುತ್ತಿತ್ತು.

ಫ್ರೇಮ್‌ಲೆಕ್ಕ
ಈಗ ಯಂತ್ರ ಆರೋಗ್ಯವಾಗಿದೆ, ಇನ್ನು ಟ್ಯೂನಿಂಗ್ ಮಾತಾಡಬಹುದು. ಇದು ನನ್ನ ಇಷ್ಟದ ವಿಷಯ.

ಮೊದಲು ರ್‍ಯಾಮ್. ನಿಮ್ಮದು 8 ಜಿಬಿಯ ಒಂದೇ ಕಡ್ಡಿ ಇರಬೇಕು, ಟಾಸ್ಕ್ ಮ್ಯಾನೇಜರ್‌ನಲ್ಲಿ ಸ್ಲಾಟ್ ನೋಡಿ. ಇನ್ನೊಂದು 8 ಜಿಬಿ ಡಿಡಿಆರ್4-3200 ಹಾಕಿದರೆ ಎರಡು ಚಾನೆಲ್‌ನಲ್ಲಿ ಓಡುತ್ತದೆ. ಸರಾಸರಿ ಫ್ರೇಮ್‌ಗಿಂತ, ನಡುನಡುವೆ ತಡವರಿಸುವುದು ಕಡಿಮೆಯಾಗುತ್ತದೆ. ಕಣ್ಣಿಗೆ ಚುಚ್ಚುವುದು ಆ ತಡವರಿಕೆಯೇ.

ಎರಡನೆಯದು, ಫಾರ್ಮ್ಯಾಟ್ ಆಗಿದೆ ಅಂದಿರಿ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 144 ಹರ್ಟ್ಸ್ ಇದೆಯೋ 60ಕ್ಕೆ ಬಿದ್ದಿದೆಯೋ ನೋಡಿ. ಎಷ್ಟೋ ಜನ ವರ್ಷಗಟ್ಟಲೆ 60ರಲ್ಲೇ ಆಡುತ್ತಾರೆ.

ಶಾಖ ತಗ್ಗಿಸಲು ವೋಲ್ಟೇಜ್ ಇಳಿಸುವುದು ನಿಮ್ಮ ಸಿಪಿಯುನಲ್ಲಿ ಬಹುಶಃ ಆಗದು. 2019ರ ಡಿಸೆಂಬರ್‌ನಲ್ಲಿ ಪ್ಲಂಡರ್‌ವೋಲ್ಟ್ ಅನ್ನುವ ಭದ್ರತಾ ಲೋಪ ಬಯಲಾದ ಮೇಲೆ ಹೆಚ್ಚಿನ ಲ್ಯಾಪ್‌ಟಾಪ್ ಬಯಾಸ್‌ಗಳಲ್ಲಿ (ಯಂತ್ರ ಚಾಲೂ ಮಾಡುವ ಮೂಲ ತಂತ್ರಾಂಶ) ಅದಕ್ಕೆ ಬೀಗ ಬಿದ್ದಿದೆ. ಅದರ ಬದಲು ಎನ್ವಿಡಿಯಾ ಕಂಟ್ರೋಲ್ ಪ್ಯಾನಲ್‌ನಲ್ಲಿ ಫ್ರೇಮ್ ಮಿತಿ 80 ಅಂತ ಹಾಕಿ. ಯಂತ್ರ ಬೇಡದ ಫ್ರೇಮ್‌ಗಾಗಿ ದುಡಿಯುವುದಿಲ್ಲ, ಶಾಖ ತಾನಾಗಿ ಇಳಿಯುತ್ತದೆ. ಸೆಕೆ ತೀರಾ ಜಾಸ್ತಿ ಇದ್ದ ದಿನ ಪವರ್ ಆಪ್ಷನ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಮಿತಿ 99 ಶೇಕಡಾ ಮಾಡಿ, ಟರ್ಬೊ (ಪ್ರೊಸೆಸರ್ ತಾನಾಗಿ ವೇಗ ಏರಿಸಿಕೊಳ್ಳುವುದು) ನಿಂತು ಶಾಖ ಚೆನ್ನಾಗಿ ಇಳಿಯುತ್ತದೆ. ಹಗುರ ಆಟಗಳಿಗೆ ಸಾಕು. 4 ಜಿಬಿ ವಿಡಿಯೋ ಮೆಮೊರಿ ಇರುವುದರಿಂದ ಹೊಸ ಆಟಗಳಲ್ಲಿ ಟೆಕ್ಸ್‌ಚರ್ ಮಾತ್ರ ಮೀಡಿಯಂನಲ್ಲಿಡಿ.

ಬಿಸಿಲನಾಡು
ನಾನೂ ಟಿಕ್ ವಾಪಸ್ ಹಾಕಿದೆ. ಹಾಕಿದ ಕೂಡ್ಲೆ 800ಕ್ಕ ಬಿತ್ತು. ನನ್ನ ಚಾರ್ಜರ್ ಮೂಲದ್ದಲ್ಲ, ಹೊರಗಿನಿಂದ ತಗೊಂಡದ್ದು, 120 ವ್ಯಾಟ್. ಲ್ಯಾಪ್‌ಟಾಪ್ ಕೆಳಗ 180 ಅಂತ ಐತಿ.

ರಿಪೇರಿಮೇಜು
ನಿಮ್ಮ ಕಾರಣ ಅಲ್ಲೇ ಇದೆ. 180 ವ್ಯಾಟ್‌ನದು, ಅದೇ ಮಾದರಿಯದು ಸಿಗುವ ತನಕ ಆಟ ಆಡಬೇಡಿ, ಬರವಣಿಗೆ ಕೆಲಸಕ್ಕೆ ತೊಂದರೆ ಇಲ್ಲ. ಚಾರ್ಜರ್ ಪಿನ್‌ನ ಫೋಟೋ ಹಾಕಿ, ನಡುವಿನ ಸಣ್ಣ ಸೂಜಿ ಬಾಗಿದೆಯೋ ನೋಡುತ್ತೇನೆ.

ಮಗ್ಗದಮನಿ
ರ್‍ಯಾಮ್ ಹಾಕಿದೆ. ಪರದೆ 60ರಾಗ ಇತ್ತು, 144 ಮಾಡಿದೆ, ಮೌಸ್ ಓಡೋದ ಬ್ಯಾರೆ ಅನಿಸ್ತೈತಿ. ಫ್ರೇಮ್ ಮಿತಿ 80. ಸಿಪಿಯು 81, ಜಿಪಿಯು 70. ಡಿಸೈನ್ ಫೈಲ್ ತೆರೆಯೋದೂ ಚುರುಕಾತು, ನನಗ ದಿನಾ ಬೇಕಾಗಿದ್ದು ಅದ.

ಮೇಜು ಮಗ್ಗದ ಖೋಲಿಯಿಂದ ಹೊರಗ, ಪಡಸಾಲಿಗೆ ತಂದೀನಿ. ಪ್ರತಿ ಅಮಾಸಿಗೆ ಮಗ್ಗ ಒರಸೋವಾಗ ಲ್ಯಾಪ್‌ಟಾಪ್ ಕಿಂಡಿಗೂ ಬ್ರಷ್ ಆಡಸ್ತೀನಿ. ಓಣ್ಯಾಗ ಇನ್ನೂ ಆರು ಮನಿಗೆ ಆ ವೈರ್‌ಮನ್‌ನ ಕರಕೊಂಡು ಹೊಂಟೀನಿ ನಾಳೆ, ಬಲ್ಬ್ ಹಿಡದು ನೋಡಾಕ. ಏಪ್ರಿಲ್‌ದಾಗ ಇನ್ನೊಮ್ಮೆ ಲಾಗ್ ತಗದು ಇಲ್ಲೇ ಹಾಕ್ತೀನಿ.